ಫೆಂಡರ್ ಲೀಡ್: ಒಂದೋ, ಎರಡೋ, ಮೂರೋ?

ಕಲಬುರಗಿಯಲ್ಲಿ ಆರ್ಕೆಸ್ಟ್ರಾ ನುಡಿಸುವವರು ಫೆಂಡರ್ ಕಂಪನಿಯ ಲೀಡ್ ಎಲೆಕ್ಟ್ರಿಕ್ ಗಿಟಾರ್ ಆರಿಸುವಾಗ ಮೊದಲು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ನೋಡಬೇಕು. 1979ರಲ್ಲಿ ಶುರುವಾಗಿ 1982ರಲ್ಲಿ ನಿಂತುಹೋದ ಸರಣಿಯಿದು. ಲೀಡ್ ಒಂದು, ಎರಡು, ಮೂರು ಎಂಬ ಮೂರು ಮಾದರಿಗಳಿಗೂ 25.5 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), ತಂತಿ ಸಡಿಲಿಸಿ ಸ್ವರ ಅಲುಗಿಸುವ ಟ್ರೆಮೊಲೊ ಇಲ್ಲ. ಶ್ರುತಿ ನಿಲ್ಲುವುದರಲ್ಲಿ ಹೆಚ್ಚು ಭೇದವಿಲ್ಲ.

ಭೇದ ಗದ್ದಲದಲ್ಲಿ. ಲೀಡ್ ಎರಡರದು ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್): ಸ್ವರ ಚೂಪು, ಆದರೆ ಜಾತ್ರೆಯ ಸ್ಟೇಜಿನಲ್ಲಿ ದೀಪದ ಡಿಮ್ಮರ್ ಪಕ್ಕದಲ್ಲಿದ್ದರೆ ಗುಂಯ್ ಅನ್ನುತ್ತದೆ. ಒಂದು ಪಿಕಪ್‌ನ ಸಂಕೇತವನ್ನು ತಿರುಗುಮುರುಗು ಮಾಡುವ ಅದರ ಫೇಸ್ ಸ್ವಿಚ್ ಎರಡೂ ಪಿಕಪ್ ಆನ್ ಇದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಆಗ ಬರುವ ಮೂಗಿನ ದನಿ ಎಲ್ಲರಿಗೂ ಹಿಡಿಸದು. ಲೀಡ್ ಮೂರರ ಎರಡು ಹಂಬಕರ್ (ಗುಂಯ್ ತಡೆಯುವ ಜೋಡಿ ಸುರುಳಿಯ ಪಿಕಪ್) ಗುಂಯ್ ಇಲ್ಲದೆ ನಡೆಯುತ್ತವೆ. ಕಾಯಿಲ್ ಸ್ಪ್ಲಿಟ್ ಮಾಡಿದರೆ (ಒಂದು ಸುರುಳಿಯನ್ನಷ್ಟೇ ಬಳಸಿದರೆ) ಗುಂಯ್ ಮತ್ತೆ ಹಾಜರ್. ಲೀಡ್ ಒಂದಕ್ಕೆ ಬ್ರಿಡ್ಜ್ (ತಂತಿ ಕೂರುವ ಕೆಳತುದಿ) ಬಳಿ ಒಂದೇ ಹಂಬಕರ್. ಬರೀ ರಾಕ್ ಆದರೆ ಸಾಕು, ಮೆಲೋಡಿಗೆ ಬೇಕಾದ ದುಂಡು ಸ್ವರ ಕಷ್ಟ.

ಹಳೆಯದೇ ಬೇಕೆಂಬ ಹಟವಿಲ್ಲದಿದ್ದರೆ ಲೀಡ್ ಎರಡು ಮತ್ತು ಮೂರು 2020ರಲ್ಲಿ ಮೆಕ್ಸಿಕೋದಿಂದ ಮತ್ತೆ ಬಂದವು, ಲೀಡ್ ಒಂದು ಬರಲಿಲ್ಲ.

ಹಳೆಯದನ್ನು ಕೊಳ್ಳುವಾಗ ಪುಟ್ಟ ಸ್ವಿಚ್‌ಗಳನ್ನು ಹತ್ತು ಸಲ ತಿರುವಿ. ಕರಕರ ಬಂದರೆ ಕಾಂಟ್ಯಾಕ್ಟ್ ಕ್ಲೀನರ್. ಸದ್ದೇ ಕಡಿದರೆ ಸ್ವಿಚ್ಚೇ ಬದಲು. ನಮ್ಮ ಬೇಸಿಗೆಯಲ್ಲಿ ಮರ ಒಣಗಿ ಫ್ರೆಟ್ (ಲೋಹದ ಅಡ್ಡಪಟ್ಟಿ) ತುದಿ ಬೆರಳಿಗೆ ಚುಚ್ಚುತ್ತದೆ, ಗಿಟಾರ್‌ನ ನೆಕ್ ಅಂಚನ್ನು ಸವರಿ ನೋಡಿ.