ಉದ್ಯಮಬಾಗದ ಬ್ರೇಕ್ ಮಿಸ್ತ್ರಿ: ಎರಡು ತಿಂಗಳ ಕೀಂವ್ ಸೌಂಡ್ ಒಂದ ಮುಂಜಾನ್ಯಾಗ ಬಂದ್ ಆತು

ಬೆಳಗಾವ್ಯಾಗ ಬ್ರೇಕ್ ಸೌಂಡ್ ಮಾಡಾಕತ್ತೇತಿ ಅಂತ ಯಾರರ ಕೇಳಿದ್ರ ಇನ್ನಮ್ಯಾಲ ನಾ ಒಂದ ಕಡೆ ಕಳಸ್ತೀನಿ. ಉದ್ಯಮಬಾಗದಾಗ ಲೇಥ್ ಅಂಗಡಿಗಳ ಸಾಲ ಐತೆಲ್ಲ, ಅದರ ಹಿಂದಿನ ಗಲ್ಲ್ಯಾಗ ಒಂದು ಸಣ್ಣ ಗ್ಯಾರೇಜ್, ಎರಡ ಗಾಡಿ ನಿಲ್ಲೂವಷ್ಟ ಜಾಗ, ಬೋರ್ಡೂ ಇಲ್ಲ. ಅಲ್ಲೆ ಯಾವ ಲೇಥ್ ಅಂಗಡ್ಯಾಗ ಹೋಗಿ "ಬ್ರೇಕ್ ಮಿಸ್ತ್ರಿ ಎಲ್ಲದಾರ್ರಿ" ಅಂದ್ರೂ ಕೈ ಮಾಡಿ ತೋರಸ್ತಾರ.

ನಂದು 2016ರ ವ್ಯಾಗನ್ ಆರ್, ಎಪ್ಪತ್ತೆಂಟು ಸಾವಿರ ಕಿಲೋಮೀಟರ್ ಓಡೇತಿ. ಜುಲೈದಾಗ ಮಳಿ ಹತ್ತಿದ ಮ್ಯಾಲ ಮುಂಜಾನೆ ಗಾಡಿ ತಗದಾಗ ಮೊದಲ ಮೂರ್ನಾಕು ಬ್ರೇಕಿಗೆ ಕಿರ್ರ್ ಅಂತಿತ್ತು, ಆಮ್ಯಾಲ ತಾನ ಹೋಗ್ತಿತ್ತು. ಅದಕ್ಕ ನಾ ಹೆದರಲಿಲ್ಲ, ರಾತ್ರಿ ಮಳ್ಯಾಗ ನಿಂತ ಗಾಡಿ ಡಿಸ್ಕ್, ಅಂದ್ರ ಗಾಲಿ ಜೋಡಿ ತಿರುಗೂ ಕಬ್ಬಿಣದ ತಟ್ಟಿ ಮ್ಯಾಲ ತೆಳ್ಳಗ ತುಕ್ಕ ಹಿಡೀತೈತಿ, ಬ್ರೇಕ್ ಹಿಡದಾಗ ಡಿಸ್ಕ್ ಒತ್ತೂ ಪ್ಯಾಡ್ ಆ ತುಕ್ಕ ಕೆರದ ತಗೀತೈತಿ, ಅಷ್ಟ. ಆದ್ರ ಆಗಸ್ಟ್ ಬರೂದ್ರಾಗ ದಿನಪೂರ್ತಿ ಶುರುವಾತು. ತಿಳಕವಾಡಿ ಎರಡನೇ ರೈಲ್ವೇ ಗೇಟ್ ಹತ್ರ ಕ್ಯೂನ್ಯಾಗ ಜರಾ ಜರಾ ಗಾಡಿ ಸರಸೂವಾಗ ಕೀಂವ್ ಅಂದ್ರ ಮುಂದಿನ ಬೈಕಿನವ್ರು ತಿರುಗಿ ನೋಡಾಕ ಹತ್ತಿದ್ರು.

ಮನಿ ಹತ್ರ ಇರೂ ಒಂದ ಗ್ಯಾರೇಜಿಗೆ ಒಯ್ದೆ. ಹೆಸರ ಬ್ಯಾಡ. ಗಾಡಿ ಒಂದ ಗಜ ಸೈತ ಓಡಿಸಿ ನೋಡಲಿಲ್ಲ, ಸೌಂಡ್ ಅಂದ ಕೂಡ್ಲೆ "ಪ್ಯಾಡ್ ಹೋಗ್ಯಾವ್ರಿ" ಅಂದ್ರು, ಮುಂದಿನ ಎರಡೂ ಗಾಲಿಗೆ ಹೊಸ ಪ್ಯಾಡ್ ಹಾಕಿದ್ರು, ಎರಡು ಸಾವಿರದ ನೂರು ತಗೊಂಡ್ರು. ಹನ್ನೆರಡ ದಿನಕ್ಕ ಸೌಂಡ್ ವಾಪಸ್. ಮತ್ತ ಹೋದೆ, "ಹೊಸಾ ಪ್ಯಾಡ್ ಹಂಗ ಇರ್ತಾವ್ರಿ, ಸೆಟ್ ಆಗ್ತಾವ" ಅಂತ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿ ಕೊಟ್ರು, ಒಂದ ವಾರ ಶಾಂತ ಇತ್ತು, ಮತ್ತ ಅದ ಹಾಡು. ಮೂರನೇ ಸಲ ಹೋಗಾಕ ಮನಸ ಬರಲಿಲ್ಲ.

ನಂಗ ಸೌಂಡಿಂದು ಚಿಂತಿ ಅಲ್ಲ, ಘಾಟಿಂದು. ನಮ್ಮ ಅಕ್ಕ ಗೋವಾದ ಫೋಂಡಾದಾಗ ಇರ್ತಾಳ, ತಿಂಗಳಿಗೆ ಒಮ್ಮೆರ ಅವ್ವನ್ನ ಕರ್ಕೊಂಡು ಜಾಂಬೋಟಿ, ಕಣಕುಂಬಿ ಮ್ಯಾಲಿಂದ ಚೋರ್ಲಾ ಘಾಟ್ ಇಳದು ಹೋಗ್ತೀನಿ. ಆ ತಿರುವಿನ್ಯಾಗ ಮುಂದ ಲಾರಿ, ಹಿಂದ ಬಸ್, ನಡುವ ಮಂಜು, ಅಂಥಾಲ್ಲೆ ಬ್ರೇಕ್ ಮ್ಯಾಲ ಭರೋಸಾ ಇಲ್ಲಾಂದ್ರ ಗಾಡಿ ಹೊಡ್ಯಾಕ ಧೈರ್ಯ ಆಗೂದಿಲ್ಲ. ಎರಡ ಸಲ ಹೋಗೂದ ಕ್ಯಾನ್ಸಲ್ ಮಾಡಿದೆ. ಕಡೀಕ ನಮ್ಮ ಫೌಂಡ್ರ್ಯಾಗ ಕೆಲಸ ಮಾಡೂ ದೋಸ್ತ ಒಬ್ಬಾಂವ ಈ ಮಿಸ್ತ್ರಿ ಕಾಕಾನ ಪತ್ತೆ ಹೇಳಿದ.

ಕಾಕಾ ಮೊದಲ ಸ್ಪ್ಯಾನರ್ ಹಿಡೀಲಿಲ್ಲ, ಅಲ್ಲೇ ನಂಗ ಭಾಳ ಭರೋಸಾ ಬಂತು. "ನೀವ ಹೊಡೀರಿ ಸರ, ನಾ ಬಾಜೂಕ ಕೂಡ್ತೀನಿ" ಅಂದ್ರು. ಎಸಿ, ರೇಡಿಯೋ ಬಂದ್ ಮಾಡಸಿ, ನಾಕೂ ಗ್ಲಾಸ್ ಇಳಸಿ, ಫ್ಯಾಕ್ಟರಿ ಕಂಪೌಂಡ್ ಗ್ವಾಡಿ ಬಾಜೂಕ ನಿಧಾನ ಹೊಡೀರಿ ಅಂದ್ರು, ಗ್ವಾಡಿಗೆ ಬಡದು ಸೌಂಡ್ ವಾಪಸ್ ಬರ್ತೈತಿ, ಎಡಕಿಂದೋ ಬಲಕಿಂದೋ, ಮುಂದಿಂದೋ ಹಿಂದಿಂದೋ ತಿಳೀತೈತಿ. ಹೋಗೂವಾಗ ಒಂದ ಕಂಪೌಂಡು ಎಡಕ್ಕ ಬರೂಹಂಗ, ವಾಪಸ್ ಬರೂವಾಗ ಅದ ಬಲಕ್ಕ ಬರೂಹಂಗ. ಹಗೂರಕ ಬ್ರೇಕ್ ಹಿಡಸಿದ್ರು, ಜೋರ್ ಹಿಡಸಿದ್ರು, ರಿವರ್ಸ್ ಹೊಡಸಿದ್ರು, ಹ್ಯಾಂಡ್ ಬ್ರೇಕ್ ಒಂದ ಹಲ್ಲ ಎಳಸಿ ನೋಡಿದ್ರು. ನಾ ಕೇಳಿದ್ದಕ್ಕ ಒಂದೊಂದೂ ಬಿಡಿಸಿ ಹೇಳಿದ್ರು. ಬ್ರೇಕ್ ಹಿಡೀದ ಇದ್ದಾಗ ಸಣ್ಣಗ ಚೀಂವ್ ಅನಕೋತ ಹೋಗಿ ಪೆಡಲ್ ಒತ್ತಿದ್ರ ಬಂದ್ ಆದ್ರ, ಪ್ಯಾಡಿಗೆ ಇರೂ ಸಣ್ಣ ತಗಡಿನ ನಾಲಿಗಿ ಡಿಸ್ಕಿಗೆ ಹತ್ತಿರತೈತಿ, ಪ್ಯಾಡ್ ತೀರಾಕ ಬಂದೈತಿ ಅಂತ ಕಂಪನ್ಯಾವ್ರು ಬೇಕಂತ ಇಟ್ಟಿರ್ತಾರ. ಒತ್ತಿದಾಗಷ್ಟ ಕೀಂವ್ ಅಂದ್ರ ಪ್ಯಾಡ್, ಡಿಸ್ಕ್ ನಡುವ ನಡುಕ ಹುಟ್ಟಾಕತ್ತೇತಿ ಅಂತ ಅರ್ಥ. ಗರ್ ಗರ್ ಅಂತ ಕಬ್ಬಿಣಕ್ಕ ಕಬ್ಬಿಣ ತಿಕ್ಕಿದಂಗಾದ್ರ ಅಲ್ಲೇ ನಿಲ್ಲಸಬೇಕು, ಘಾಟ್ ಹತ್ತಬಾರದು. ಇನ್ನ ಕಲ್ಲಿನ ಸಣ್ಣ ಚೂರು ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವ ಸಿಕ್ಕಿದ್ರೂ ಭಯಂಕರ ಸೌಂಡ್ ಬರ್ತೈತಿ, ಅದಕ್ಕ ಒಂದ ರೂಪಾಯಿ ಸಾಮಾನೂ ಬೇಕಾಗಿಲ್ಲ.

ವಾಪಸ್ ಬಂದ ಕೂಡ್ಲೆ ಇಳದು ಎರಡೂ ಮುಂದಿನ ಗಾಲಿ ಹತ್ರ ಕೈ ಹಿಂಬದಿ ಹಿಡದು ನೋಡಿದ್ರು, ಮುಟ್ಟಲಿಲ್ಲ. "ನೀವೂ ನೋಡ್ರಿ" ಅಂದ್ರು. ಎಡಗಾಲಿ ಬಲಗಾಲಿಗಿಂತ ಖರೇನ ಬಿಸಿ ಇತ್ತು, ಝಳ ಕೈಗೆ ಬಡೀತಿತ್ತು. ಗಾಡಿ ಎತ್ತೂದಕ್ಕ ಮೊದಲ ಅರ್ಧ ಉತ್ತರ ಸಿಕ್ಕಿತ್ತು.

ಗಾಲಿ ಬಿಚ್ಚಿ ಎಡಗಡೆ ಎರಡೂ ಪ್ಯಾಡ್ ತಗದು ಬೆಂಚ್ ಮ್ಯಾಲ ಬಾಜೂಕ ಬಾಜೂಕ ಇಟ್ರು, ವರ್ನಿಯರ್ ಹಿಡದು ಅಳದ್ರು. ಹೊರಗಿಂದು ಒಂಬತ್ತು ಎಂಎಂ, ಒಳಗಿಂದು ಆರೂವರಿ. ಒಂದ ಗಾಲಿ, ಒಂದ ದಿನ ಹಾಕಿದ ಪ್ಯಾಡ್, ಇಷ್ಟ ಫರಕ್! ಪ್ಯಾಡ್ ಹಿಡಕೊಂಡಿರೂ ಕ್ಯಾಲಿಪರ್ ಎರಡ ಪಿನ್ ಮ್ಯಾಲ ಹಿಂದ ಮುಂದ ಸರೀಬೇಕು, ಪಿಸ್ಟನ್ ಒಳಗಿನ ಪ್ಯಾಡ್ ಒತ್ತತೈತಿ, ಕ್ಯಾಲಿಪರ್ ಸರದು ಹೊರಗಿನ ಪ್ಯಾಡ್ ಎಳೀತೈತಿ. ನನ್ನ ಗಾಡ್ಯಾಗ ಕೆಳಗಿನ ಪಿನ್ ಜಾಮ್. ಅದರ ರಬ್ಬರ್ ಟೊಪಗಿ ಹರದು ಮಳಿ ನೀರ ಒಳಗ ಹೋಗಿತ್ತು, ಪಿನ್ ಮ್ಯಾಲ ಬೆಲ್ಲದ ಬಣ್ಣದ ತುಕ್ಕ, ಕೈಲೆ ಅಲ್ಲ, ವೈಸ್‌ನ್ಯಾಗ ಹಿಡದು ತಿರುವಿದ ಮ್ಯಾಲ ಕಿರ್ ಅಂತ ಹೊರಗ ಬಂತು. ಇನ್ನೊಂದು, ಪ್ಯಾಡ್ ಹಿಂದ ಇರೂ ತೆಳ್ಳನ ತಗಡ, ಶಿಮ್ ಅಂತಾರ, ನಡುಕ ಹೀರಿಕೊಳ್ಳಾಕ ಇರತೈತಿ, ಅದು ನಾಕರಾಗ ಒಂದೂ ಇದ್ದಿದ್ದಿಲ್ಲ. ಮೊದಲಿನ ಗ್ಯಾರೇಜಿನವ್ರು ಹಳೇ ಪ್ಯಾಡ್ ಜೋಡಿ ಅವನ್ನೂ ಕಸಕ್ಕ ಒಗದಿದ್ರು. ಅದನ್ನ ಕೇಳಿ ನಂಗ ಸಿಟ್ಟ ಬಂತು.

ಕಾಕಾ ಮತ್ತ ಹೊಸಾ ಪ್ಯಾಡ್ ಮಾರಲಿಲ್ಲ, ಇದನ್ನ ನಾ ಎಲ್ಲಾರಿಗೂ ಹೇಳ್ತೀನಿ. "ಇನ್ನೂ ಜೀವ ಐತಿ ತಮ್ಮಾ, ಸುಮ್ಮ ಯಾಕ ರೊಕ್ಕ" ಅಂದ್ರು. ಅಷ್ಟೊತ್ತಿಗೆ ಸರ ಹೋಗಿ ತಮ್ಮಾ ಆಗಿದ್ದೆ. ಬಿಸಿಗೆ ಗಾಜಿನಂಗ ಹೊಳೀತಿದ್ದ ಪ್ಯಾಡಿನ ಮೈ ಸಪಾಟ ಪ್ಲೇಟ್ ಮ್ಯಾಲ ಎಮರಿ ಪೇಪರ್ ಇಟ್ಟು ತಿಕ್ಕಿದ್ರು, ಡಿಸ್ಕ್ ದಪ್ಪ ಅಳದು ಅದರ ಮ್ಯಾಲ ಬರದಿರೂ ಕಡಿಮಿ ಅಳತಿ ಜೋಡಿ ನೋಡಿ ಲೇಥಿಗೆ ಹಾಕೂ ಗರಜಿಲ್ಲ ಅಂದ್ರು, ಬಾಜೂಕ ಲೇಥ್ ಇದ್ರೂ. ಎರಡೂ ಕಡೆ ಪಿನ್ ಸ್ವಚ್ಛ, ಹೊಸಾ ರಬ್ಬರ್, ಹೊಸಾ ಶಿಮ್, ಮತ್ತ ಬ್ರೇಕಿಗೆ ಅಂತಲೇ ಬರೂ ಸಿಲಿಕಾನ್ ಗ್ರೀಸ್. ಬೇರಿಂಗಿಗೆ ಹಾಕೂ ಗ್ರೀಸ್ ಹಾಕಿದ್ರ ರಬ್ಬರ್ ಉಬ್ಬಿ ಮತ್ತ ಜಾಮ್ ಆಗ್ತೈತಂತ. ಹಿಂದಿನ ಗಾಲಿಯ ಬ್ರೇಕ್ ಡ್ರಮ್ ತಗದಾಗ ಧೂಳ ಭಾಳ ಇತ್ತು, ಹುಡುಗ ಗಾಳಿ ಪೈಪ್ ತಂದ, ಕಾಕಾ ಬೈದ್ರು. ಆ ಧೂಳ ಪುಪ್ಪಸಕ್ಕ ಕೆಟ್ಟ, ಹಸಿ ಬಟ್ಟಿಲೆ ಒರಸಬೇಕು ಅಂತ ತಾವ ಕುಂತು ಒರಸಿದ್ರು.

ಗಾಲಿ ಹಾಕಿದ ಮ್ಯಾಲ ಗಾಡಿ ತಗಿಯೂ ಮೊದಲ ಪೆಡಲ್ ಐದಾರ ಸಲ ಒತ್ತಸಿದ್ರು, ಪಿಸ್ಟನ್ ಹಿಂದ ತಳ್ಳಿರ್ತಾರಲ್ಲ, ಒತ್ತದ ಹೋದ್ರ ಮೊದಲ ಬ್ರೇಕ್ ಪೂರಾ ಕೆಳಗ ಹೋಗ್ತೈತಿ. ಆಮ್ಯಾಲ ಪ್ಯಾಡ್ ಡಿಸ್ಕಿಗೆ ಸರಿಯಾಗಿ ಕೂಡಲಿ ಅಂತ ಪೀರನವಾಡಿ ದಾಟಿ ಮಚ್ಛೆ ಕಡೆ ಖಾಲಿ ರೋಡಿನ್ಯಾಗ ಅರವತ್ತರಿಂದ ಹದಿನೈದಕ್ಕ ಇಳಸೂದು, ಪೂರಾ ನಿಲ್ಲಸಬಾರದು, ಮತ್ತ ಸ್ಪೀಡ್ ಏರಸೂದು, ಇಪ್ಪತ್ತ ಸಲ. ಮೊದಲ ನಾಕೈದು ಸಲ ಜರಾ ಸೌಂಡ್ ಇತ್ತು, ಹತ್ತರ ಮ್ಯಾಲ ಏಕದಮ್ ಬಂದ್.

ಎಲ್ಲಾ ಸೇರಿ ಒಂದು ಸಾವಿರದ ನಾಕನೂರಾ ಐವತ್ತು ಆತು. ಕೊರತಿನೂ ಹೇಳಬೇಕು. ಮೂರೂವರಿ ತಾಸ ಹಿಡೀತು, ಕೂಡಾಕ ಒಂದ ಸ್ಟೂಲ್ ಬಿಟ್ರ ಏನಿಲ್ಲ, ವಯಸ್ಸಾದವ್ರನ್ನ ಕರ್ಕೊಂಡು ಹೋಗಬ್ಯಾಡ್ರಿ. ಬಿಲ್ ಅಂದ್ರ ಒಂದ ಚೀಟಿ ಮ್ಯಾಲ ಬರದ ಕೊಡ್ತಾರ, ಆದ್ರ ಸಾಮಾನಿಂದು ಒಂದೊಂದ ರೇಟ್ ಬ್ಯಾರೆ ಬ್ಯಾರೆ ಬರೀತಾರ, ಹಳೇ ಸಾಮಾನು ಚೀಲದಾಗ ಹಾಕಿ ಕೈಗೆ ಕೊಡ್ತಾರ. ಕೆಲಸದಾಗ ಇದ್ದಾಗ ಫೋನ್ ಎತ್ತೂದಿಲ್ಲ. ಐದಕ್ಕ ನಾಕೂವರಿ ಕೊಡ್ತೀನಿ, ಆ ಅರ್ಧ ಸ್ಟೂಲಿಗೆ ಹೋತು.

ಹೋದ ಶನಿವಾರ ಅವ್ವನ್ನ ಕರ್ಕೊಂಡು ಫೋಂಡಾಕ್ಕ ಹೋಗಿ ಬಂದೆ. ಕಣಕುಂಬಿ ದಾಟಿದ ಮ್ಯಾಲ ಗ್ಲಾಸ್ ಇಳಸಿ, ಎರಡನೇ ಗೇರಿನ್ಯಾಗ ಇಳಕೋತ ಕಿವಿ ಕೊಟ್ಟ ಕೇಳಿದೆ, ನೀರ ಹರಿಯೂ ಸಪ್ಪಳ ಬಿಟ್ರ ಏನಿಲ್ಲ. ಕೆಳಗ ಇಳದು ಚಾಕ್ಕ ನಿಂತಾಗ ಎರಡೂ ಗಾಲಿ ಹತ್ರ ಕೈ ಹಿಂಬದಿ ಹಿಡದೆ, ಝಳ ಎರಡೂ ಕಡೆ ಒಂದ ಸಮ ಇತ್ತು. ಐನೂರ ಕಿಲೋಮೀಟರ್ ಆದ ಮ್ಯಾಲ ಒಮ್ಮೆ ತೋರಸು ಅಂದಾರ, ಅದಕ್ಕ ರೊಕ್ಕ ಇಲ್ಲ. ಹೋಗಾವ್ರು ಒಂಬತ್ತೂವರಿ ಒಳಗ ಹೋಗ್ರಿ, ಎರಡ ಗಾಡಿ ನಿಂತೂ ಅಂದ್ರ ಮೂರನೇದ್ದಕ್ಕ ಜಾಗ ಇಲ್ಲ.