ಮಕ್ಕಳ ರೋಗನಿರೋಧಕ ಕೊರತೆಯ ಕ್ಲಿನಿಕ್: ಹದಿನಾಲ್ಕು ತಿಂಗಳ ಅನುಭವ

ಬೆಂಗಳೂರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿರುವ ಈ ಕ್ಲಿನಿಕ್‌ಗೆ ನಾವು ಹೋಗಲು ಆರಂಭಿಸಿ ಹದಿನಾಲ್ಕು ತಿಂಗಳಾಯಿತು. ಏಳು ವರ್ಷದ ಮಗನಿಗೆ ಹೊಟ್ಟೆನೋವು ಬಂದಾಗ ಅಪೆಂಡಿಕ್ಸ್ ಇರಬೇಕೆಂದುಕೊಂಡಿದ್ದೆವು. ಅದರ ಪಕ್ಕದ ಕರುಳಿನಲ್ಲಿದ್ದ ಗಡ್ಡೆ ಬರ್ಕಿಟ್ ಲಿಂಫೋಮಾ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಎಂದೂ, ಅದರ ಜೀವಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇದೆಯೆಂದೂ ಬಯಾಪ್ಸಿಯಿಂದ ತಿಳಿಯಿತು. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಸುಮ್ಮನೆ ಇದ್ದುಬಿಡುವ ಈ ವೈರಸ್ ಇವನಿಗೇ ಏಕೆ ಮುಳುವಾಯಿತು ಎಂಬ ಪ್ರಶ್ನೆಯನ್ನು ಬದಿಗಿಡದೆ, ಕ್ಯಾನ್ಸರ್ ವೈದ್ಯರು ನಮ್ಮನ್ನು ಇಲ್ಲಿಗೆ ಕಳುಹಿಸಿದ್ದು ನಮ್ಮ ಪುಣ್ಯ.

ಮೊದಲ ಭೇಟಿಯಲ್ಲಿ ಆಪ್ತಸಮಾಲೋಚಕಿಯವರು ಔಷಧ ಚೀಟಿಯ ಹಿಂಬದಿಯಲ್ಲಿ ಚೌಕ, ವೃತ್ತಗಳನ್ನು ಬರೆಯುತ್ತಾ ನಮ್ಮ ವಂಶವನ್ನು ಕೇಳಿದರು. ಐದನೆಯ ವಯಸ್ಸಿನಲ್ಲಿ ತೀರಿಕೊಂಡ ನನ್ನ ತಮ್ಮನ ವಿಷಯ ಬಂದಾಗ, ನಮ್ಮ ಮನೆಯಲ್ಲಿ ಇಂದಿಗೂ ಬರೀ ‘ಕಾಮಾಲೆ’ ಎನ್ನುವ ಆ ಸಾವಿನ ಚೌಕವನ್ನು ಅವರು ಕಪ್ಪು ಮಾಡಿ, ನನ್ನ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರು. ಕಪ್ಪು ಎಂದರೆ ಅವನಿಗೂ ಇದೇ ಕೊರತೆ ಇದ್ದಿರಬೇಕೆಂದು, ಚುಕ್ಕೆ ಎಂದರೆ ನಾನು ಅದರ ವಾಹಕಿಯೆಂದು. ಎಪ್‌ಸ್ಟೀನ್-ಬಾರ್ ವೈರಸ್ಸನ್ನು ದೇಹ ಹತೋಟಿಯಲ್ಲಿಡಲಾರದ, ಎಕ್ಸ್‌ಎಲ್‌ಪಿ ಎಂಬ ಈ ಕೊರತೆ ತಾಯಿಯ ಎಕ್ಸ್ ವರ್ಣತಂತುವಿನಿಂದ ಗಂಡುಮಕ್ಕಳಿಗೆ ಬರುತ್ತದೆ. ಜೀನ್ ಪರೀಕ್ಷೆ ಅದನ್ನೇ ಖಚಿತಪಡಿಸಿತು.

ಡೇ ಕೇರ್ ವಿಭಾಗದ ಬಗ್ಗೆ ದೂರಿಲ್ಲ. ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಹನಿಸುವಾಗ ಸಿಸ್ಟರ್ ಬಾಟಲಿಯನ್ನು ಎಂದೂ ಕುಲುಕುವುದಿಲ್ಲ (ಕುಲುಕಿದರೆ ನೊರೆ ಬರುತ್ತದೆ), ಮೊದಲ ಒಂದು ಗಂಟೆ ತೀರಾ ನಿಧಾನವಾಗಿ ಬಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಜ್ವರ, ನಾಡಿ ನೋಡುತ್ತಾರೆ. ಈ ಔಷಧ ಉಳಿದ ಸೋಂಕುಗಳಿಗೆ ಆಸರೆಯೇ ಹೊರತು ಆ ವೈರಸ್ಸನ್ನು ತಡೆಯುತ್ತದೆಂದು ನಂಬಿ ಕೂರಬೇಡಿ, ಬೇರುಸಹಿತ ಪರಿಹಾರವೆಂದರೆ ಅಸ್ಥಿಮಜ್ಜೆಯ ಕಸಿ ಎಂದು ವೈದ್ಯರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದು ನನಗೆ ಹಿಡಿಸಿತು. ಹೊರಗಿನ ಪ್ರಯೋಗಾಲಯವೊಂದು ಕಡಿಮೆ ಬೆಲೆಗೆ ಪ್ರತಿಕಾಯ ಪರೀಕ್ಷೆ ಮಾಡಿಕೊಡಲು ಮುಂದಾದಾಗ, ಇಮ್ಯುನೊಗ್ಲೋಬ್ಯುಲಿನ್ ಪಡೆಯುವ ಮಗುವಿನ ರಕ್ತದಲ್ಲಿ ಕಾಣುವುದು ದಾನಿಗಳ ಪ್ರತಿಕಾಯಗಳೇ, ಆದ್ದರಿಂದ ವೈರಸ್ಸಿನ ಡಿಎನ್‌ಎಯನ್ನು ಅಳೆಯುವ ಪಿಸಿಆರ್ ಪರೀಕ್ಷೆಯ ಮೂಲಕ ವೈರಸ್ಸನ್ನೇ ಎಣಿಸಬೇಕು ಎಂದು ತಿಳಿಸಿ ನಮ್ಮ ಹಣ ಉಳಿಸಿದವರೂ ಇವರೇ.

ಬೇಸರವಾದದ್ದೂ ಆ ಪಿಸಿಆರ್ ವಿಷಯದಲ್ಲೇ. ಕೀಮೋಥೆರಪಿ ಮತ್ತು ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧ ಮುಗಿದು ವೈರಸ್ಸಿನ ಎಣಿಕೆ ಇಳಿದಿದ್ದಾಗ, ಆಸ್ಪತ್ರೆಯವರು ನಮಗೆ ತಿಳಿಸದೆ ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳುಹಿಸಲಾರಂಭಿಸಿದರು. ಶನಿವಾರ ಸಂಜೆ ಮೊಬೈಲಿಗೆ ಬಂದ ವರದಿಯಲ್ಲಿ ಅಂಕಿ ಹಲವು ಪಟ್ಟು ಏರಿತ್ತು. ಗಡ್ಡೆ ಮರಳಿತೆಂದೇ ತಿಳಿದು ಸೋಮವಾರದವರೆಗೆ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಎರಡು ಪ್ರಯೋಗಾಲಯಗಳ ಅಳತೆಯ ಮಾನವೇ ಬೇರೆ, ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಾರದು ಎಂಬ ಒಂದು ಸಾಲನ್ನು ಆ ವರದಿಯ ಜೊತೆ ಕಳುಹಿಸಿದ್ದರೆ ಸಾಕಿತ್ತು. ವೈದ್ಯರು ಕ್ಷಮೆ ಕೇಳಿದರು, ಆದರೆ ವ್ಯವಸ್ಥೆ ಬದಲಾಗಿಲ್ಲ.

ಮಗನಿಗೆ ಅವನ ಅಕ್ಕನ ಅಸ್ಥಿಮಜ್ಜೆ ಹೊಂದುತ್ತದೆಂದು ತಿಳಿದಿರುವುದರಿಂದ ಕಸಿಯ ಸಿದ್ಧತೆ ನಡೆದಿದೆ. ಅಲ್ಲಿಯವರೆಗೂ ಇದೇ ಕ್ಲಿನಿಕ್‌ಗೆ ಹೋಗುತ್ತೇವೆ. ವರದಿಗಳನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ ಈಗ ಪ್ರಯೋಗಾಲಯದ ಹೆಸರಿಗೂ ಒಂದು ಕಾಲಂ ಇದೆ.