ನೇಪಾಳದ ಎನ್‌ಒಸಿ: ಎರಡು ಸಾವಿರದ ಕೆಲಸಕ್ಕೆ ಏಳು ಸಾವಿರ ಕೊಟ್ಟ ಅನುಭವ

ಕಠ್ಮಂಡುವಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಯ ಮಗಳು ಪ್ಲಸ್ ಟೂ ಮುಗಿಸಿ, ಮೆಲ್ಬರ್ನ್‌ನ ವಿಶ್ವವಿದ್ಯಾಲಯವೊಂದರಲ್ಲಿ ಐಟಿ ಪದವಿಗೆ ಸೇರುವ ಸಿದ್ಧತೆಯಲ್ಲಿದ್ದಾಗ, ಅವಳ ಜೊತೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಅದು 2024ರ ಮೇ ಕೊನೆ, ಇಲ್ಲಿನ ವಿಕ್ರಮ ಸಂವತ್ ಪ್ರಕಾರ 2081ರ ಜೇಠ. ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರಾದ್ದರಿಂದ ಅರ್ಜಿ ನಮೂನೆಗಳನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ ಎಂಬ ನಂಬಿಕೆ ಆ ತಾಯಿಗಿತ್ತು. ಆ ಓಡಾಟದಲ್ಲಿ ಎರಡು ಸೇವೆಗಳನ್ನು ಹತ್ತಿರದಿಂದ ನೋಡಿದೆ. ಒಂದು, ನೇಪಾಳದ ಶಿಕ್ಷಣ ಸಚಿವಾಲಯವು ವಿದೇಶಕ್ಕೆ ಓದಲು ಹೋಗುವವರಿಗೆ ಕೊಡುವ ಅನುಮತಿ ಪತ್ರ. ಇನ್ನೊಂದು, ಆ ಪತ್ರವನ್ನು ತಾನು ಕೊಡಿಸುವುದಾಗಿ ಹೇಳಿ ಹಣ ಪಡೆದ, ಕಠ್ಮಂಡುವಿನ ಪುತಲಿಸಡಕ್ ಬೀದಿಯ ಒಂದು ಕನ್ಸಲ್ಟೆನ್ಸಿ, ಅಂದರೆ ವಿದೇಶಿ ಕಾಲೇಜುಗಳಿಗೆ ಸೇರಿಸುವ ಸಂಸ್ಥೆ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅಂಥವು ಎಷ್ಟಿವೆಯೆಂದರೆ ಒಂದನ್ನು ಬೊಟ್ಟು ಮಾಡಿ ತೋರಿಸುವುದರಿಂದ ಓದುಗರಿಗೆ ಹೆಚ್ಚಿನ ಲಾಭವೇನೂ ಆಗದು.

ಮೊದಲು ಈ ಪತ್ರವೆಂದರೇನು ಎಂಬುದನ್ನು ಹೇಳಬೇಕು, ಏಕೆಂದರೆ ನಮ್ಮವರಿಗೆ ಇದು ಅಪರಿಚಿತ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎಂಎಸ್ ಮಾಡಲು ಹೋಗುವ ಹುಡುಗ ಸಾಮಾನ್ಯವಾಗಿ ದೆಹಲಿಯ ಶಿಕ್ಷಣ ಸಚಿವಾಲಯದ ಅನುಮತಿಯನ್ನು ಕೇಳಬೇಕಾಗಿಲ್ಲ. ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹಣ ಕಳುಹಿಸಬಹುದು, ವೀಸಾ ಸಿಕ್ಕರೆ ವಿಮಾನ ಹತ್ತಬಹುದು. ನೇಪಾಳದ ವಿದ್ಯಾರ್ಥಿಗೆ ಇವೆರಡರ ನಡುವೆ ಇನ್ನೊಂದು ಬಾಗಿಲಿದೆ. ನೇಪಾಳಿಯಲ್ಲಿ ಅದಕ್ಕೆ ‘ಅನಾಪತ್ತಿ ಪತ್ರ’ ಎನ್ನುತ್ತಾರೆ, ಕನ್ನಡದಲ್ಲಿ ನಿರಾಕ್ಷೇಪಣಾ ಪತ್ರ, ಮಾತಿನಲ್ಲಿ ಎಲ್ಲರಿಗೂ ಎನ್‌ಒಸಿ. ಈ ವಿದ್ಯಾರ್ಥಿ ಈ ದೇಶದ ಈ ವಿದ್ಯಾಲಯದಲ್ಲಿ ಈ ಕೋರ್ಸು ಓದಲು ಹೋಗುವುದಕ್ಕೆ ಸರ್ಕಾರದ ಆಕ್ಷೇಪವಿಲ್ಲ ಎಂದಷ್ಟೇ ಅದರಲ್ಲಿರುತ್ತದೆ. ಇದಿಲ್ಲದೆ ಬ್ಯಾಂಕು ಕಾಲೇಜಿನ ಶುಲ್ಕಕ್ಕೆ ವಿದೇಶಿ ಹಣ ಕೊಡುವುದಿಲ್ಲ. ತ್ರಿಭುವನ್ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿಯೂ ಇದನ್ನು ಕೇಳುತ್ತಾರೆ.

ಹೆಸರಿನಲ್ಲಿ ಆಕ್ಷೇಪದ ಮಾತಿದ್ದರೂ ಪತ್ರದ ನಿಜವಾದ ಕೆಲಸ ವಿದೇಶಿ ವಿನಿಮಯದ ಖಜಾನೆಗೆ ಬೀಗದ ಕೈಯಾಗುವುದು. 2022–23ರ ಆರ್ಥಿಕ ವರ್ಷದಲ್ಲಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು, ಅದರ ಮರುವರ್ಷ 1 ಲಕ್ಷ 12 ಸಾವಿರಕ್ಕೂ ಹೆಚ್ಚು ಎನ್‌ಒಸಿಗಳನ್ನು ಕೊಡಲಾಗಿದೆ. 2021ರ ಜನಗಣತಿಯಂತೆ ಇಡೀ ದೇಶದ ಜನಸಂಖ್ಯೆ 2 ಕೋಟಿ 91 ಲಕ್ಷ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ ಈ ಸಂಖ್ಯೆಯ ತೂಕ ಅರಿವಾಗುತ್ತದೆ. ಓದಿನ ಹೆಸರಿನಲ್ಲಿ ಒಂದು ವರ್ಷಕ್ಕೆ ಹೊರಗೆ ಹೋಗುವ ಹಣವನ್ನು ಇಲ್ಲಿನ ಪತ್ರಿಕೆಗಳು ‘ಖರ್ಬ’ದಲ್ಲಿ ಎಣಿಸುತ್ತವೆ. ಒಂದು ಖರ್ಬವೆಂದರೆ ಹತ್ತು ಸಾವಿರ ಕೋಟಿ ನೇಪಾಳಿ ರೂಪಾಯಿ. ಹಾಗಾಗಿ ಸರ್ಕಾರ ಲೆಕ್ಕ ಇಟ್ಟುಕೊಳ್ಳಲು ಬಯಸುವುದು ಅಸಹಜವೇನಲ್ಲ. ಆದರೂ ಹದಿನೆಂಟು ತುಂಬಿದ ಹುಡುಗಿ ಓದಲು ಹೋಗುವುದಕ್ಕೆ ‘ಆಕ್ಷೇಪವಿಲ್ಲ’ ಎಂದು ಸರ್ಕಾರ ಬರೆದುಕೊಡಬೇಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿದಿದೆ. ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕವನ್ನು ಹಿಡಿದಿಟ್ಟಿರುವುದು ಈ ಪ್ರಶ್ನೆಗಾಗಿಯೇ ಹೊರತು ಕೆಲಸದಲ್ಲಿನ ಯಾವ ಕೊರತೆಗೂ ಅಲ್ಲ.

ಹಿಂದೆ ಈ ಪತ್ರಕ್ಕಾಗಿ ಠಮೇಲ್ ಪಕ್ಕದ ಕೇಸರ್ ಮಹಲಿಗೆ ಹೋಗಬೇಕಿತ್ತು. ರಾಣಾ ಕಾಲದ ಅರಮನೆ ಅದು. ಒಂದು ಪಕ್ಕದಲ್ಲಿ ಪ್ರವಾಸಿಗರು ಟಿಕೆಟ್ ಕೊಂಡು ಅಡ್ಡಾಡುವ ಸ್ವಪ್ನ ಬಗೀಚಾ, ಇನ್ನೊಂದು ಪಕ್ಕದಲ್ಲಿ ಫೈಲು ಹಿಡಿದು ಸಾಲಿನಲ್ಲಿ ನಿಂತ ವಿದ್ಯಾರ್ಥಿಗಳು. ಈಗ ಅರ್ಜಿ ಆನ್‌ಲೈನ್‌ನಲ್ಲಿ. ದೂರದ ಝಾಪಾದಲ್ಲಿಯೋ ಧನಗಢಿಯಲ್ಲಿಯೋ ಇರುವ ವಿದ್ಯಾರ್ಥಿಗೆ ರಾತ್ರಿ ಬಸ್ಸಿನ ಪ್ರಯಾಣ, ಕಠ್ಮಂಡುವಿನಲ್ಲಿ ಲಾಡ್ಜಿನ ಬಾಡಿಗೆ ಎರಡೂ ಉಳಿಯುತ್ತವೆ. ಈ ಸೇವೆಯ ಗುಣಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ.

ಸಲ್ಲಿಸಬೇಕಾದ ಕಾಗದಗಳು ಹೆಚ್ಚೇನಿಲ್ಲ. ವಿದೇಶಿ ವಿದ್ಯಾಲಯದ ಆಫರ್ ಲೆಟರ್, ಹತ್ತನೆಯ ತರಗತಿಯ ಎಸ್‌ಇಇ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿಗಳು, ಶಾಲೆಯ ನಡತೆ ಪ್ರಮಾಣಪತ್ರ, ನಾಗರಿಕತಾ ಎಂದು ಕರೆಯುವ ಪೌರತ್ವದ ಕಾರ್ಡು, ಪಾಸ್‌ಪೋರ್ಟು, ಭಾವಚಿತ್ರ, ಶುಲ್ಕ ಕಟ್ಟಿದ ದಾಖಲೆ. ನಾವು ಕಟ್ಟಿದ ಸರ್ಕಾರಿ ಶುಲ್ಕ ಎರಡು ಸಾವಿರ ನೇಪಾಳಿ ರೂಪಾಯಿ. ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು ಎಂಬ ದರ 1993ರಿಂದಲೂ ಬದಲಾಗಿಲ್ಲವಾದ್ದರಿಂದ, ಭಾರತದ ಲೆಕ್ಕದಲ್ಲಿ 1,250 ರೂಪಾಯಿ. ವೈದ್ಯಕೀಯ ಓದಲು ಹೋಗುವವರ ದಾರಿ ಮಾತ್ರ ಬೇರೆ. ಅವರು ವೈದ್ಯಕೀಯ ಶಿಕ್ಷಣ ಆಯೋಗದ ಪ್ರವೇಶ ಪರೀಕ್ಷೆಯಲ್ಲಿ ಮೊದಲು ಉತ್ತೀರ್ಣರಾಗಬೇಕು.

ಇಷ್ಟು ಸರಳವಾದ ಕೆಲಸವನ್ನು ಕನ್ಸಲ್ಟೆನ್ಸಿಗೆ ಏಕೆ ಒಪ್ಪಿಸಿದಿರಿ ಎಂದು ಯಾರಾದರೂ ಕೇಳಬಹುದು. ಪುತಲಿಸಡಕ್, ಬಾಗ್‌ಬಜಾರ್‌ಗಳಲ್ಲಿ ಒಮ್ಮೆ ನಡೆದು ನೋಡಿದರೆ ಉತ್ತರ ತಿಳಿಯುತ್ತದೆ. ಒಂದೇ ಕಟ್ಟಡದಲ್ಲಿ ಕೆಳಗೆ ಕಂಪ್ಯೂಟರ್ ಅಂಗಡಿ, ಅದರ ಮೇಲೆ ಜಪಾನಿ ಭಾಷಾ ತರಗತಿ, ಅದರ ಮೇಲೆ ಐಇಎಲ್‌ಟಿಎಸ್ ಮತ್ತು ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಗಳ ತರಬೇತಿ, ಅದರ ಮೇಲೆ ‘ವೀಸಾ ಸಿಕ್ಕ ಅದೃಷ್ಟಶಾಲಿಗಳ’ ಫೋಟೋ ಅಂಟಿಸಿದ ಗಾಜಿನ ಬಾಗಿಲು. ಅಲ್ಲಿ ಕುಳಿತವರ ಮಾತಿನಲ್ಲಿ ಎಲ್ಲವೂ ‘ಪ್ರೊಸೆಸಿಂಗ್’, ಎಲ್ಲ ವಿದ್ಯಾರ್ಥಿಗಳೂ ‘ಫೈಲು’. “ಎನ್‌ಒಸಿ ನೀವೇ ಹಾಕಿದರೆ ತಿರಸ್ಕಾರವಾಗುತ್ತದೆ, ಆಮೇಲೆ ವೀಸಾಕ್ಕೂ ತೊಂದರೆ” ಎಂದು ಕೌನ್ಸೆಲರ್ ಹೇಳಿದಾಗ, ಊರಿನ ಜಮೀನಿನ ಮೇಲೆ ಸಾಲ ಎತ್ತಿ ಮಗಳನ್ನು ಕಳುಹಿಸುತ್ತಿರುವ ತಾಯಿ ವಾದಕ್ಕೆ ನಿಲ್ಲಲಿಲ್ಲ. ಐದು ಸಾವಿರ ಎಣಿಸಿ ಕೊಟ್ಟರು. ಸರ್ಕಾರಿ ಶುಲ್ಕದ ಎರಡು ಸಾವಿರ ಬೇರೆ. ನಾನು ಪಕ್ಕದಲ್ಲಿಯೇ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಈ ಸಂಸ್ಥೆ ಪ್ರವೇಶ ಕೊಡಿಸುವ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಯಾವ ವಿಶ್ವವಿದ್ಯಾಲಯಕ್ಕೆ ಅವಳ ಅಂಕಗಳು ಸಾಲುತ್ತವೆ, ಆಸ್ಟ್ರೇಲಿಯಾ ವೀಸಾ ಅರ್ಜಿಯಲ್ಲಿ 2024ರ ಮಾರ್ಚ್ 23ರಿಂದ ತಂದ ‘ಜೆನ್ಯೂಯಿನ್ ಸ್ಟೂಡೆಂಟ್’ ಪ್ರಶ್ನೆಗಳಿಗೆ ಉತ್ತರ ಹೇಗಿರಬೇಕು, ಮೇ 10ರಿಂದ ಜೀವನವೆಚ್ಚಕ್ಕೆ ತೋರಿಸಬೇಕಾದ ಮೊತ್ತ 29,710 ಆಸ್ಟ್ರೇಲಿಯನ್ ಡಾಲರಿಗೆ ಏರಿದ್ದರಿಂದ ಬ್ಯಾಂಕಿನ ಕಾಗದಗಳನ್ನು ಹೇಗೆ ತಿದ್ದಿಸಬೇಕು ಎಂಬುದೆಲ್ಲ ಅವರಿಗೆ ಬೆರಳ ತುದಿಯಲ್ಲಿತ್ತು. ಇದಕ್ಕೆ ಅವರು ವಿದ್ಯಾರ್ಥಿಯಿಂದ ಹಣ ಪಡೆಯುವುದಿಲ್ಲ, ಸೇರಿಸಿದ ವಿದ್ಯಾಲಯದಿಂದ ಕಮಿಷನ್ ಬರುತ್ತದೆ. ಅವರು ಮೊದಲು ತೋರಿಸುವ ಕಾಲೇಜು ಅವರಿಗೆ ಒಳ್ಳೆಯದೋ ವಿದ್ಯಾರ್ಥಿಗೆ ಒಳ್ಳೆಯದೋ ಎಂಬ ಅನುಮಾನವನ್ನು ಇಟ್ಟುಕೊಂಡೇ ಕುಳಿತರೆ ಅವರ ಸಲಹೆ ಉಪಯೋಗಕ್ಕೆ ಬರುತ್ತದೆ.

ಎನ್‌ಒಸಿ ವಿಷಯದಲ್ಲಿ ಅವರು ಮಾಡಿದ್ದೇನೆಂದರೆ, ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಸ್ಕ್ಯಾನ್ ಮಾಡಿದ ಕಾಗದಗಳನ್ನು ಕೊಟ್ಟು ಅರ್ಜಿ ತುಂಬಲು ಹೇಳಿದರು. ಅವಳ ಹೆಸರಿನಲ್ಲಿ ‘ಲಕ್ಷ್ಮಿ’ ಎಂಬ ಭಾಗವಿದೆ. ಪಾಸ್‌ಪೋರ್ಟಿನಲ್ಲಿ ಅದನ್ನು ‘ಎಕ್ಸ್’ ಅಕ್ಷರ ಹಾಕಿ ಬರೆದಿದೆ, ಎಸ್‌ಇಇ ಅಂಕಪಟ್ಟಿಯಲ್ಲಿ ‘ಕೆ, ಎಸ್, ಎಚ್’ ಸೇರಿಸಿ ಬರೆದಿದೆ. ನಮ್ಮೂರಿನಲ್ಲಿಯೂ ಇಂಥ ಲಕ್ಷ್ಮಿಯರು ಎಷ್ಟು ಕಚೇರಿಗಳನ್ನು ಸುತ್ತಿದ್ದಾರೆಂದು ಬಲ್ಲವರು ಬಲ್ಲರು. ಹುಡುಗ ಅಂಕಪಟ್ಟಿಯನ್ನು ನೋಡಿ ತುಂಬಿದ. ಜನ್ಮದಿನಾಂಕದ್ದು ಇನ್ನೂ ದೊಡ್ಡ ಕಥೆ.

ನೇಪಾಳದ ಸರ್ಕಾರಿ ವ್ಯವಹಾರವೆಲ್ಲ ವಿಕ್ರಮ ಸಂವತ್‌ನಲ್ಲಿ ನಡೆಯುತ್ತದೆ. ಅದು ನಮ್ಮ ಗೋಡೆಯ ಕ್ಯಾಲೆಂಡರಿಗಿಂತ ಸುಮಾರು ಐವತ್ತಾರು ವರ್ಷ ಎಂಟು ತಿಂಗಳು ಮುಂದಿದೆ. ವರ್ಷ ಏಪ್ರಿಲ್ ಮಧ್ಯದಲ್ಲಿ ಬದಲಾಗುತ್ತದೆ. ತಿಂಗಳುಗಳ ದಿನಗಳಿಗೆ ನಮ್ಮಂತೆ ನಿಶ್ಚಿತ ಸಂಖ್ಯೆಯಿಲ್ಲ, 29ರಿಂದ 32ರವರೆಗೆ ಏರಿಳಿಯುತ್ತದೆ. ಈ ವರ್ಷದ ಜೇಠಕ್ಕಿದ್ದಷ್ಟೇ ದಿನ ಮುಂದಿನ ವರ್ಷದ ಜೇಠಕ್ಕೆ ಇರಬೇಕೆಂದಿಲ್ಲ. ಆದ್ದರಿಂದ ಒಂದು ಸಂವತ್ ದಿನಾಂಕವನ್ನು ಇಸವಿಗೆ ತರಲು ಕೂಡಿ ಕಳೆಯುವ ಸೂತ್ರ ಸಾಲದು, ಆ ವರ್ಷದ ಪಾತ್ರೋ, ಅಂದರೆ ಪಂಚಾಂಗವೇ ಬೇಕು. ಗಣಿತದ ಮೇಷ್ಟ್ರಾದ ನನಗೆ ಇಲ್ಲಿ ಬಂದ ಮೊದಲ ವರ್ಷ ಇದು ಅವಮಾನವೆನಿಸಿತ್ತು. ಈಗ ‘ಹಾಮ್ರೋ ಪಾತ್ರೋ’ ಆ್ಯಪ್ ಆ ಕೆಲಸವನ್ನು ಕ್ಷಣದಲ್ಲಿ ಮಾಡುತ್ತದೆ. ಆದರೆ ಅರ್ಜಿಯಲ್ಲಿ ಪರಿವರ್ತನೆಯನ್ನೇ ಮಾಡಬಾರದು, ಪಾಸ್‌ಪೋರ್ಟಿನಲ್ಲಿರುವ ದಿನಾಂಕವನ್ನು ಇದ್ದಂತೆ ಬರೆಯಬೇಕು. ಹುಡುಗ ತನ್ನದೇ ಲೆಕ್ಕ ಮಾಡಿ, ಪಾಸ್‌ಪೋರ್ಟಿಗಿಂತ ಒಂದು ದಿನ ಮುಂದಿನ ತಾರೀಖು ಹಾಕಿದ.

ಅರ್ಜಿ ತಿದ್ದುಪಡಿಗೆ ಮರಳಿತು. ಮರಳಬೇಕಾದದ್ದೇ. ಯಾವ ಕಾಗದದಲ್ಲಿ ಏನು ಹೊಂದುವುದಿಲ್ಲ ಎಂಬ ಟಿಪ್ಪಣಿ ಇತ್ತು, ಅದನ್ನು ಓದಿದರೆ ತಪ್ಪು ತಿಳಿಯುತ್ತಿತ್ತು. ಕನ್ಸಲ್ಟೆನ್ಸಿಯವರು ಆ ಟಿಪ್ಪಣಿಯನ್ನು ನಮಗೆ ತೋರಿಸದೆ, ಸಚಿವಾಲಯದಲ್ಲಿ ‘ರಶ್’ ಇದೆ, ಒಂದು ವಾರ ಆಗುತ್ತದೆ ಎಂದರು. ಐದನೆಯ ದಿನ ಹುಡುಗಿ, “ಸರ್, ಪಾಸ್‌ವರ್ಡ್ ಕೇಳಿ ನಾವೇ ನೋಡೋಣವಾ?” ಎಂದಳು. ಅರ್ಜಿಯ ಖಾತೆ ಅವಳ ಹೆಸರಿನಲ್ಲಿದ್ದರೂ ಇಮೇಲ್ ವಿಳಾಸ ಕನ್ಸಲ್ಟೆನ್ಸಿಯದಾಗಿತ್ತು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಂಗತಿ. ವಿದ್ಯಾರ್ಥಿಯ ಅನುಮತಿ ಪತ್ರಕ್ಕೆ ಸಂಬಂಧಿಸಿದ ಪ್ರತಿಯೊಂದು ಸೂಚನೆಯೂ ಬೇರೊಬ್ಬರ ಅಂಚೆಪೆಟ್ಟಿಗೆಗೆ ಹೋಗುತ್ತಿದ್ದರೆ, ಆ ಬೇರೊಬ್ಬರು ಅನಿವಾರ್ಯರಾಗಿಬಿಡುತ್ತಾರೆ.

ಒಂದು ಗಂಟೆಯ ಮಾತುಕತೆಯ ನಂತರ ಪಾಸ್‌ವರ್ಡ್ ಸಿಕ್ಕಿತು. ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಎಲ್ಲ ಕಾಗದಗಳನ್ನು ಹರಡಿಕೊಂಡು, ಹೆಸರನ್ನೂ ದಿನಾಂಕವನ್ನೂ ಪಾಸ್‌ಪೋರ್ಟಿನಂತೆ ತಿದ್ದಿ, ಎರಡು ಕಾಗುಣಿತಗಳೂ ಒಬ್ಬಳದೇ ಎಂಬುದಕ್ಕೆ ವಾರ್ಡ್ ಕಚೇರಿಯ ಪತ್ರವನ್ನು ಸೇರಿಸಿ, ಭಾನುವಾರ ಬೆಳಿಗ್ಗೆ ಅವಳೇ ಸಲ್ಲಿಸಿದಳು. ಆಗ ಇಲ್ಲಿ ವಾರದ ರಜೆ ಶನಿವಾರ ಮಾತ್ರ ಇತ್ತು; ಭಾನುವಾರ ಕಚೇರಿಗಳು ತೆರೆದಿರುತ್ತಿದ್ದವು, ಶುಕ್ರವಾರ ಮೂರು ಗಂಟೆಗೆ ಮುಚ್ಚುತ್ತಿದ್ದವು. ಮಂಗಳವಾರ ಮಧ್ಯಾಹ್ನದೊಳಗೆ ಪತ್ರ ಅವಳ ಖಾತೆಗೆ ಬಂದಿತ್ತು. ತುಂಬಲು ನಲವತ್ತು ನಿಮಿಷ, ಕಾಯಲು ಎರಡು ದಿನ. ಯಾರಿಗೂ ಫೋನ್ ಮಾಡಲಿಲ್ಲ, ಯಾರ ಪರಿಚಯವನ್ನೂ ಹುಡುಕಲಿಲ್ಲ. ನಾನು ಕಂಡ ಸರ್ಕಾರಿ ಸೇವೆಗಳಲ್ಲಿ, ಗಡಿಯ ಎರಡೂ ಕಡೆಯವನ್ನು ಸೇರಿಸಿ ಹೇಳುತ್ತೇನೆ, ಇಷ್ಟು ನೇರವಾಗಿ ಮುಗಿದವು ಕಡಿಮೆ.

ಪತ್ರ ಕೈಗೆ ಬಂದ ಮೇಲಿನ ಹೆಜ್ಜೆ ಬ್ಯಾಂಕಿನದು. ಎನ್‌ಒಸಿ, ಆಫರ್ ಲೆಟರ್, ಪಾಸ್‌ಪೋರ್ಟು ಮೂರರಲ್ಲಿಯೂ ಹೆಸರು ಒಂದೇ ಅಕ್ಷರಗಳಲ್ಲಿರಬೇಕು, ಕೋರ್ಸಿನ ಹೆಸರು ಆಫರ್ ಲೆಟರಿನಲ್ಲಿರುವಂತೆಯೇ ಇರಬೇಕು. ಮೊದಲ ಅರ್ಜಿ ತಪ್ಪಿನೊಂದಿಗೇ ಮಂಜೂರಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದೆವು ಎಂದು ಕೌಂಟರಿನ ಮುಂದೆ ನಿಂತಾಗ ಅರ್ಥವಾಯಿತು. ಶುಲ್ಕದ ಜೊತೆಗೆ ಸರ್ಕಾರದ ಶಿಕ್ಷಣ ಸೇವಾ ಶುಲ್ಕವನ್ನೂ ಬ್ಯಾಂಕು ಹಿಡಿದುಕೊಳ್ಳುತ್ತದೆ, ಅದಕ್ಕೂ ಹಣ ತೆಗೆದಿಟ್ಟುಕೊಂಡು ಹೋಗಬೇಕು. ಕಾಲೇಜು ಬದಲಾಯಿಸುವ ಯೋಚನೆಯಿದ್ದರೆ ಎನ್‌ಒಸಿಗೆ ಮೊದಲೇ ತೀರ್ಮಾನಿಸುವುದು ಒಳಿತು. ಒಂದು ವಿದ್ಯಾಲಯದ ಹೆಸರಿನ ಪತ್ರವನ್ನು ತೋರಿಸಿ ಇನ್ನೊಂದಕ್ಕೆ ಹಣ ಕಳುಹಿಸಲಾಗದು.

ಕರ್ನಾಟಕಕ್ಕೆ ಬರುವ ನೇಪಾಳಿ ವಿದ್ಯಾರ್ಥಿಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅವರು ಕಾಣಸಿಗುತ್ತಾರೆ. 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾ ಬೇಡ. ಅದರಿಂದಲೇ ಹಲವರು ಎನ್‌ಒಸಿಯೂ ಬೇಡವೆಂದುಕೊಂಡು ಬಂದುಬಿಡುತ್ತಾರೆ. ಗಡಿ ದಾಟಲು ಅದು ಬೇಡ, ನಿಜ. ಆದರೆ ಶುಲ್ಕವನ್ನು ನೇಪಾಳದ ಬ್ಯಾಂಕಿನಿಂದ ಕಾಲೇಜಿನ ಖಾತೆಗೆ ಕಳುಹಿಸಲು ಹೊರಟಾಗ ಅದೇ ಪತ್ರವನ್ನು ಕೇಳುತ್ತಾರೆ. ನಿಮ್ಮ ಪರಿಚಯದಲ್ಲಿ ಅಂಥ ವಿದ್ಯಾರ್ಥಿಯಿದ್ದರೆ, ಊರಿನಲ್ಲಿರುವಾಗಲೇ, ಕಾಗದಗಳೆಲ್ಲ ಕೈಯಲ್ಲಿರುವಾಗಲೇ ಅರ್ಜಿ ಹಾಕಲು ತಿಳಿಸಿ.

ನಮ್ಮ ಹುಡುಗಿಯ ವೀಸಾ ಅರ್ಜಿ ಜೂನ್ ಕೊನೆಯ ವಾರದಲ್ಲಿ, 710 ಆಸ್ಟ್ರೇಲಿಯನ್ ಡಾಲರ್ ಶುಲ್ಕದೊಂದಿಗೆ ಹೋಯಿತು. ಜುಲೈ 1ರಿಂದ ಆಸ್ಟ್ರೇಲಿಯಾ ಅದನ್ನು 1,600ಕ್ಕೆ ಏರಿಸಿತು. ಕನ್ಸಲ್ಟೆನ್ಸಿಯ ‘ರಶ್’ ಮಾತನ್ನು ನಂಬಿ ಇನ್ನೊಂದು ವಾರ ಕುಳಿತಿದ್ದರೆ ಆ ವ್ಯತ್ಯಾಸದ 890 ಡಾಲರ್ ತಾಯಿಯ ಸಾಲಕ್ಕೆ ಸೇರುತ್ತಿತ್ತು. ಆ ಸಂಸ್ಥೆಗೆ ಪ್ರವೇಶದ ಕೆಲಸಕ್ಕೆ ನಾಲ್ಕು ಅಂಕ, ಎನ್‌ಒಸಿಗೆ ಸೊನ್ನೆ. ಐದು ಸಾವಿರ ಹಿಂತಿರುಗಿಸಿ ಎಂದು ಕೇಳಲು ನಾನೇ ಹೋಗಿದ್ದೆ. ಬಹಳ ಹೊತ್ತಿನ ನಂತರ ಎರಡು ಸಾವಿರ ಕೊಟ್ಟರು, ಜೊತೆಗೆ ಮುಂದಿನ ತಿಂಗಳ ಪಿಟಿಇ ತರಗತಿಗೆ ರಿಯಾಯಿತಿಯ ಕೂಪನ್ ಒಂದನ್ನು ಕೊಟ್ಟರು.